ತವರಿಗೊಂದು ಸುತ್ತುದಾರಿ

ಅಕ್ಕ ಇದ್ದದ್ದು ನಮ್ಮ ಹಿತ್ತಲಿನಲ್ಲೇ. ಆದರೂ ಪ್ರತಿ ವರ್ಷ ಪಂಚಮಿ ಬಂತೆಂದರೆ ಅವಳನ್ನು ತವರಿಗೆ ಕರೆತರಲು ನಾನು ಇಸ್ತ್ರಿ ಅಂಗಿ ತೊಟ್ಟು, ಸ್ಕೂಟರ್ ಒರೆಸಿ ಹೊರಡುತ್ತಿದ್ದೆ. ಹಿತ್ತಲ ಬಾಗಿಲು ತೆಗೆದರೆ ಅವಳ ಒಗ್ಗರಣೆಯ ಘಾಟು ನಮ್ಮ ಅಡುಗೆಮನೆಗೆ ಬರುವಷ್ಟು ಹತ್ತಿರ. ನಾನು ಮಾತ್ರ ಮುಂಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಹಿಂದಿನ ರಸ್ತೆಗೆ ಬಂದು, ನಮ್ಮದೇ ಅರಿಶಿನದ ಗೋದಾಮಿನ ಗೇಟಿನ ಮುಂದೆ ಹಾರ್ನ್ ಹೊಡೆದು ನಿಲ್ಲಬೇಕು. ಅವಳು ಹೆರಳು ಹಾಕಿ, ಹೊಸ ಸೀರೆಯುಟ್ಟು, ಚೀಲ ಕಾಲ ಬಳಿ ಇಟ್ಟುಕೊಂಡು ಕಾಯುತ್ತಾ ಕೂತಿರುತ್ತಿದ್ದಳು. ಆದರೂ ನನ್ನನ್ನು ಕಂಡ ಕೂಡಲೇ ಎರಡೂ ಕೈ ಗಲ್ಲಕ್ಕೆ ಹಚ್ಚಿ, "ಅಯ್ಯ! ನನ್ನ ತಮ್ಮ ಬಂದಾನ!" ಎಂದು ಬೆರಗಾಗುತ್ತಿದ್ದಳು. ಅದೇ ಬೆಳಿಗ್ಗೆ ನಳದ ನೀರಿಗಾಗಿ ನನ್ನೊಂದಿಗೆ ಜಗಳವಾಡಿ ಹೋದವಳೂ ಅವಳೇ.

ಸೀದಾ ಮನೆಗೆ ಬರುವಂತಿರಲಿಲ್ಲ. ಅದು ಅವ್ವನ ಕಟ್ಟಪ್ಪಣೆ. "ತವರಿಗೆ ಬರಾಕಿ ಹಿತ್ತಲ ಬಾಗಲದಿಂದ ನುಸುಳಿ ಬರಬಾರದು. ನಾಕ ಊರು ನೋಡ್ಕೋತ ಬರಬೇಕು" ಎನ್ನುತ್ತಿದ್ದಳು. ಹಾಗಾಗಿ ಸ್ಕೂಟರ್ ಮೊದಲು ಗಣಪತಿ ಗುಡಿಗೆ, ಅಲ್ಲಿಂದ ಕೃಷ್ಣೆಯ ಘಾಟಿಗೆ. ಘಾಟಿನ ಮೇಲೆ ನಿಂತು ಕಾಗದದ ಪೊಟ್ಟಣದಲ್ಲಿ ಖಾರದ ಚುರುಮುರಿ ಭಡಂಗ ತಿನ್ನುತ್ತಾ ಹೊಳೆಗೆ ಎಷ್ಟು ನೀರು ಬಂದಿದೆ ನೋಡುವುದು. ಮನಸ್ಸು ಬಂದರೆ ಬುಧಗಾಂವದವರೆಗೂ ಹೋಗಿ ಬರುವುದು. ಒಂದು ವರ್ಷ ಮಿರಜಿಗೇ ಹೋಗಿ ಬಂದೆವು. ಕೊನೆಗೆ ಮನೆಯ ಮುಂಬಾಗಿಲಿಗೆ ಬಂದಾಗ ಅವ್ವ ರೊಟ್ಟಿ ತುಣುಕು, ನೀರಿನ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ನಿವಾಳಿಸಿ, ಕಾಲಿಗೆ ನೀರು ಹಾಕಿ, ಗಂಭೀರವಾಗಿ ಕೇಳುವಳು:

"ಬಂದೇನ ತಂಗಿ? ದಾರ್ಯಾಗ ತ್ರಾಸ ಆತೇನು?"

"ಇಲ್ಲವ್ವಾ. ಕಿಡಕಿ ಬಾಜೂಕ ಸೀಟ ಸಿಕ್ಕಿತ್ತು."

ಇಬ್ಬರ ಮುಖದಲ್ಲೂ ನಗೆಯ ಸುಳಿವಿಲ್ಲ. ನಾನೊಬ್ಬನೇ ತುಟಿ ಕಚ್ಚಿಕೊಂಡು ಸ್ಕೂಟರ್ ಸ್ಟ್ಯಾಂಡ್ ಹಾಕುತ್ತಿದ್ದೆ.

ಅಕ್ಕ ನೇಪಾಳದವಳು. ಪಶ್ಚಿಮದ ಯಾವುದೋ ಗುಡ್ಡದ ಹಳ್ಳಿ. ಅವಳ ಗಂಡ ನಮ್ಮ ಅಪ್ಪನ ಗೋದಾಮಿಗೆ ಕಾವಲಿಗೆಂದು ಬಂದವರು. ಮದುವೆಯಾದ ಮರುವರ್ಷ ಅವಳನ್ನೂ ಕರೆದುಕೊಂಡು ಬಂದರು. ನಾನಾಗ ಕಾಲೇಜಿನಲ್ಲಿದ್ದೆ, ಅವಳು ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು. ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ಹೆಸರು ಬಂದಿದೆ ಎಂದು ಗೊತ್ತಾದರೆ ಫೋಟೋ ಯಾಕೆ ಹಾಕಿಸಲಿಲ್ಲ ಎಂದು ತಕರಾರು ತೆಗೆಯುತ್ತಾಳೆ. ತಕರಾರಿನ ವಿಷಯ ಮುಂದೆ ಹೇಳುತ್ತೇನೆ, ಏಕೆಂದರೆ ಅಕ್ಕನನ್ನು ಅರ್ಥ ಮಾಡಿಕೊಳ್ಳಲು ನಮಗೆ ಸಿಕ್ಕ ದಾರಿ ಅದೊಂದೇ.

ಬಂದ ಹೊಸದರಲ್ಲಿ ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು. ಅವ್ವ ಕಲಿಸಿದ ಮೊದಲ ಕನ್ನಡವೂ ಅದೇ. ಸಾಂಗ್ಲಿಯ ಏಪ್ರಿಲ್ ಬಿಸಿಲಿನಲ್ಲಿ ಗೋದಾಮಿನ ತಗಡು ಕಾದು ಕೆಂಡವಾಗಿರುವಾಗ ಅವ್ವ, "ಹೆಂಗೈತಿ ನಮ್ಮೂರು?" ಎಂದು ಕೇಳಿದರೆ, "ಛಲೋ ಐತ್ರಿ." ಅರಿಶಿನದ ಧೂಳಿಗೆ ಕಣ್ಣು ಮೂಗು ಸುರಿಯುತ್ತಿದ್ದರೂ, "ಛಲೋ ಐತ್ರಿ." ನಳಕ್ಕೆ ನೀರು ಬರದ ದಿನವೂ ಛಲೋ, ಸೊಳ್ಳೆ ಮುತ್ತಿದ ದಿನವೂ ಛಲೋ. ಅಪ್ಪನಿಗೆ ಇದು ಬಹಳ ಹಿಡಿಸಿತ್ತು. ಎಂಥ ಸಮಾಧಾನದ ಹೆಣ್ಣುಮಗಳು ಎನ್ನುತ್ತಿದ್ದರು. ಅವ್ವ ಮಾತ್ರ ತಲೆ ಅಲ್ಲಾಡಿಸುತ್ತಿದ್ದಳು. "ಇಷ್ಟ ಛಲೋ ಅನ್ನಾಕಿಗೆ ಇಲ್ಲೆ ಮನಸ ಹತ್ತಿಲ್ಲ" ಎನ್ನುವುದು ಅವಳ ಲೆಕ್ಕ.

ನಮ್ಮ ಮನೆತನಕ್ಕೂ ಈ ಊರು ಒಂದು ಕಾಲಕ್ಕೆ ಹೊಸದೇ. ಮುತ್ತಜ್ಜ ಅಥಣಿ ಕಡೆಯಿಂದ ಬಂದು ಇಲ್ಲಿ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಹಾಕಿದ. ಹೊರಗೆ ವ್ಯವಹಾರವೆಲ್ಲ ಮರಾಠಿ, ಹೊಸ್ತಿಲ ಒಳಗೆ ಕನ್ನಡ. ಅವ್ವನಂತೂ ಮರಾಠಿ ಅರ್ಥವಾಗುತ್ತಿದ್ದರೂ ಮಾತಾಡುತ್ತಿರಲಿಲ್ಲ. ಅಂಗಡಿಗೆ ಬರುವ ರೈತರಲ್ಲಿ ಗಡಿಯಾಚೆಯ ಕರ್ನಾಟಕದವರು ಬಹಳ, ಹಮಾಲರೂ ಆ ಕಡೆಯವರೇ. ಹೀಗಾಗಿ ನಮ್ಮ ಅಂಗಳದಲ್ಲಿ ನಿಂತವರಿಗೆ ಸಾಂಗ್ಲಿ ಕನ್ನಡದ ಊರೆಂದೇ ಅನಿಸಬೇಕು. ಅಕ್ಕನಿಗೂ ಹಾಗೇ ಅನಿಸಿತು. ಒಂದು ವರ್ಷ ಹಟ ಹಿಡಿದು, ಅವ್ವನ ಜೊತೆ ರೊಟ್ಟಿ ಬಡಿಯುತ್ತಾ, ಅವರೆ ಸುಲಿಯುತ್ತಾ, ಪಟಪಟ ಕನ್ನಡ ಮಾತಾಡುವುದನ್ನು ಕಲಿತಳು. ಗಂಡನಿಗೆ ಮಾರ್ಕೆಟ್ಟಿನ ಮರಾಠಿ ಬರುತ್ತಿತ್ತು. ಹೆಂಡತಿ ಬೇರೇನೋ ಕಲಿಯುತ್ತಿದ್ದಾಳೆ ಎಂದು ಅವರಿಗೂ ಹೊಳೆಯಲಿಲ್ಲವೋ, ಹೊಳೆದರೂ ಹೇಳಲಿಲ್ಲವೋ, ಗೊತ್ತಿಲ್ಲ. ಬಹಳ ಸಂಭಾವಿತರು.

ಒಂದು ದಿನ ಅವ್ವನಿಗೆ ಜ್ವರ. ಅಕ್ಕ ಮೊದಲ ಸಲ ಒಬ್ಬಳೇ ಭಾಜಿ ಮಾರ್ಕೆಟ್ಟಿಗೆ ಹೋದಳು. ಬುಟ್ಟಿಯವಳ ಎದುರು ಕೂತು ಠೀವಿಯಿಂದ, "ಬದನಿಕಾಯಿ ಹೆಂಗ ಕೊಟ್ಟಿ ಯಕ್ಕಾ?" ಎಂದು ಕೇಳಿದಳಂತೆ. ಆಕೆ ಮಿಕಿಮಿಕಿ ನೋಡಿದಳು. ಪಕ್ಕದ ಬುಟ್ಟಿಯವಳೂ ನೋಡಿದಳು. ಅಷ್ಟರಲ್ಲಿ ಕನ್ನಡ ಬಲ್ಲ ಲಿಂಗನೂರಿನ ಒಬ್ಬ ಮುದುಕ ವಿಷಯ ತಿಳಿದು ಮರಾಠಿಯಲ್ಲಿ ಏನೋ ಅಂದ, ಇಡೀ ಸಾಲು ಗೊಳ್ಳೆಂದು ನಕ್ಕಿತು. ಅಕ್ಕ ಬರಿ ಚೀಲ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಬಂದವಳೇ ಅವ್ವನ ಹಾಸಿಗೆಯ ಎದುರು ನಿಂತಳು.

"ಅವ್ವಾ, ನೀ ನನಗ ಮೋಸ ಮಾಡಿದಿ! ಊರ ಮಂದಿ ಮಾತು ಬ್ಯಾರೆ, ನೀ ಕಲಿಸಿದ್ದು ಬ್ಯಾರೆ. ವರ್ಷಾನಗಟ್ಟಲೆ ಕುಂದರಿಸಿ ನಿನ್ನ ಮನಿ ಮಾತು ಕಲಿಸಿದಿ. ಇದನ್ನ ತಗೊಂಡು ನಾ ಎಲ್ಲಿ ಹೋಗ್ಲಿ?" ಅಲ್ಲಿಗೆ ನಿಲ್ಲಲಿಲ್ಲ. ಕಟ್ಟೆ ಒಡೆದಿತ್ತು. "ನಿಮ್ಮೂರ ಬಿಸಲಂದ್ರ ಸುಡುಗಾಡ ಬಿಸಲು. ಅರಿಷಿಣದ ಧೂಳಿಗೆ ನನ್ನ ಕಣ್ಣ ಹ್ವಾದುವು. ನಳಕ್ಕ ನೀರಿಲ್ಲ, ನೀರು ಬಂದ್ರ ರುಚಿ ಇಲ್ಲ. ನೀವು ತಿನ್ನೂ ರೊಟ್ಟಿ ಹಲ್ಲ ಮುರಿತಾವು!"

ನಾನು ಗಾಬರಿಯಾಗಿ ಅವ್ವನನ್ನು ನೋಡಿದರೆ ಅವಳು ಕಂಬಳಿಯೊಳಗೆ ಅಲುಗಾಡುತ್ತಾ ನಗುತ್ತಿದ್ದಳು. ಎದ್ದು ಕೂತು, ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಅಕ್ಕನ ಕೈಗಿಟ್ಟು ನನಗೆ ಹೇಳಿದಳು: "ಇಷ್ಟ ದಿವಸ ಪಾವಣ್ಯಾರಾಕಿ ಇದ್ಲು, ನಾಕ ದಿವಸಕ್ಕ ಬಂದ ನೆಂಟರಾಕಿ, ಅದಕ್ಕ ಎಲ್ಲಾ ಛಲೋ ಅಂತಿದ್ಲು. ಇವತ್ತ ಕೊರತಿ ಎತ್ತಿ ಹೆಸರಿಟ್ಲು ನೋಡು. ಇನ್ನ ಈಕಿ ನಮ್ಮ ಮನಿ ಹುಡುಗಿ."

ಆ ದಿನದಿಂದ ಅಕ್ಕ ಛಲೋ ಅನ್ನುವುದನ್ನು ಬಿಟ್ಟಳು. ಸಾಂಗ್ಲಿಯಲ್ಲಿ ಅವಳು ಹೆಸರಿಡದ ವಸ್ತುವಿಲ್ಲ. ಮರಾಠಿಯನ್ನು ಆಮೇಲೆ ಕಲಿತಳು, ಅದಕ್ಕೂ ಹೆಸರಿಟ್ಟಳು. ನಮ್ಮ ಚಹಾ ಬರೀ ಪಾಕ, ನಮ್ಮ ರಿಕ್ಷಾದವರಿಗೆ ಕಣ್ಣಿಲ್ಲ, ನಮ್ಮ ಗಣಪತಿ ಹಬ್ಬದ ಬ್ಯಾಂಡಿಗೆ ತಾಳವಿಲ್ಲ. ಕೇಳುವವರಿಗೆ ಈಕೆ ಇಲ್ಲಿ ಒಂದು ಗಳಿಗೆಯೂ ಸುಖವಾಗಿಲ್ಲ ಎನಿಸಬೇಕು. ನಾವು ಮಾತ್ರ ಕೇಳಿ ನಿಶ್ಚಿಂತರಾಗಿರುತ್ತಿದ್ದೆವು. ಅವಳಿಗೆ ಮಕ್ಕಳಾಗಲಿಲ್ಲ. ಅದೊಂದರ ಬಗ್ಗೆ ಅವಳು ತಕರಾರು ತೆಗೆದದ್ದನ್ನು ನಾನು ಎಂದೂ ಕೇಳಲಿಲ್ಲ.

ಪಂಚಮಿಯ ಕಥೆ ಶುರುವಾದದ್ದು ಅದರ ಮರುವರ್ಷ. ಅವ್ವ ಶೇಂಗಾ ಹುರಿದು ಉಂಡಿ ಕಟ್ಟುತ್ತಿದ್ದಳು, ಅಕ್ಕ ಎಳ್ಳು ಕುಟ್ಟುತ್ತಿದ್ದಳು. ಇಷ್ಟೊಂದು ಉಂಡಿ ಯಾರಿಗೆ ಎಂದು ಅಕ್ಕ ಕೇಳಿದಳು. ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಅಣ್ಣತಮ್ಮಂದಿರು ಕರೆಯಲು ಹೋಗುತ್ತಾರೆ, ಬಂದವರು ಜೋಕಾಲಿ ಆಡಿ ಉಂಡಿ ತಿನ್ನುತ್ತಾರೆ ಎಂದು ಅವ್ವ ಹೇಳಿದಳು. ಅಕ್ಕನ ಒನಕೆ ನಿಂತಿತು. ತಮ್ಮಲ್ಲೂ ಹೀಗೇ, ಇದಾಗಿ ಕೆಲವು ವಾರಕ್ಕೆ ತೀಜ್ ಬರುತ್ತದೆ, ಆಗ ತವರಿನಿಂದ ಕರೆ ಬರುತ್ತದೆ ಎಂದಳು.

"ನಿನಗ ಯಾರ ಬರ್ತಾರ?" ಎಂದು ಅವ್ವ ಕೇಳಿದಳು.

"ಅಪ್ಪ ಇಲ್ಲ. ಅಣ್ಣ ದಿಲ್ಲಿ ಕಡೆ ಎಲ್ಲೋ ಅದಾನ. ಇಷ್ಟು ದೂರ ಯಾರ ಬರ್ತಾರವ್ವಾ?"

ಅವ್ವನ ತವರಿನಿಂದಲೂ ಅವಳ ಅಣ್ಣ ಇರುವವರೆಗೆ ಮಾತ್ರ ಕರೆ ಬರುತ್ತಿತ್ತು. ಅವನು ತೀರಿಕೊಂಡ ಮೇಲೂ ಪಂಚಮಿಯ ಹಿಂದಿನ ದಿನ ಅವ್ವ ಒಂದು ಒಳ್ಳೆಯ ಸೀರೆ ತೆಗೆದು ಮಂಚದ ಮೇಲೆ ಇಡುತ್ತಿದ್ದಳು, ಸಂಜೆ ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದಳು. ನಾನೊಬ್ಬನೇ ಮಗ, ಹೆಣ್ಣುಮಕ್ಕಳಿಲ್ಲದ ಮನೆ. ಉಂಡಿ ಕಟ್ಟಿ ಓಣಿಗೆ ಹಂಚುವುದಷ್ಟೇ ನಮ್ಮ ಪಂಚಮಿಯಾಗಿತ್ತು.

ಮರುದಿನ ಬೆಳಿಗ್ಗೆ ಅವ್ವ ನನ್ನ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಸಿ ತಂದು ಎದುರಿಗಿಟ್ಟಳು. "ಹಾಕ್ಕೋ. ಹೋಗಿ ನಿಮ್ಮಕ್ಕನ್ನ ಕರಕೊಂಡು ಬಾ."

"ಯಾವ ಅಕ್ಕನ್ನ?"

"ನಿನಗ ಎಷ್ಟ ಮಂದಿ ಅಕ್ಕಂದ್ರು ಅದಾರ?"

ಹೀಗೆ ನನಗೆ ಅಕ್ಕ ಸಿಕ್ಕಳು. ಗೋದಾಮಿನ ದೊಡ್ಡ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿದೆವು. ಅರಿಶಿನದ ಚೀಲಗಳ ನಡುವೆ ಅವಳು ಜೀಕುತ್ತಿದ್ದರೆ ತೊಲೆಯಿಂದ ಹಳದಿ ಧೂಳು ಉದುರಿ ಎಲ್ಲರ ತಲೆಯೂ ಮದುಮಕ್ಕಳ ತಲೆಯಂತಾಗುತ್ತಿತ್ತು. ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಪಾಲು ಹೇಳುತ್ತಾ ಎರೆಯುತ್ತೇವೆ. ಅಕ್ಕ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, "ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು" ಎಂದು ಎರೆದು, ಕೊನೆಯ ಹನಿಗೆ "ನಮ್ಮ ಗುಡ್ಡದ ಪಾಲು" ಎನ್ನುತ್ತಿದ್ದಳು. ಮೂರು ದಿನ ನಮ್ಮಲ್ಲಿ ಇದ್ದು, ನಾಲ್ಕನೆಯ ದಿನ ಗಂಡ ಬಂದು ಕರೆದುಕೊಂಡು ಹೋಗಬೇಕು. ಅವರೂ ಮುಂಬಾಗಿಲಿನಿಂದಲೇ ಬರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಎಲ್ಲರೂ ಅವರನ್ನು ಬಹಾದ್ದೂರ ಎಂದು ಕರೆಯುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಆ ಹೆಸರೆತ್ತಿದರೆ ಅವ್ವ ಕೆಂಡವಾಗುತ್ತಿದ್ದಳು. "ಬರ್ರಿ ಅಳಿಯಂದ್ರ, ಕುಂದ್ರಿ" ಎಂದು ಮಣೆ ಹಾಕಿ ಕೂರಿಸುತ್ತಿದ್ದಳು. ನನಗೆ ಅವರು ದಾಜಿ. ಅಕ್ಕನ ಗಂಡನಿಗೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು.

ಒಂದು ಪಂಚಮಿಗೆ ಕೃಷ್ಣೆ ಉಕ್ಕಿ ನಮ್ಮ ಓಣಿಯೊಳಗೇ ಬಂದಳು. ಗೋದಾಮಿಗೂ ನೀರು, ಮನೆಗೂ ನೀರು. ನಾವೆಲ್ಲ ಕವಲಾಪುರದ ಬೀಗರ ಮನೆಗೆ ಓಡಿದೆವು. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತ ಅಕ್ಕ ದಾರಿಯುದ್ದಕ್ಕೂ ಹೊಳೆಗೆ ಬೈದಳು. "ನಮ್ಮೂರಾಗೂ ಹೊಳಿ ಅದಾವು. ಕೆಳಗ ಹರಿತಾವು. ಮಂದಿ ಮನಿಯಾಗ ಬಂದು ಕುಂದ್ರೂದಿಲ್ಲ. ಈ ಹೊಳಿಗೆ ರೀತಿ ರಿವಾಜ ಇಲ್ಲ!" ಊರು ಕಳೆದುಕೊಂಡವರಂತೆ ಕೂತಿದ್ದ ಟ್ರ್ಯಾಕ್ಟರಿನ ಮಂದಿಯೆಲ್ಲ ನಕ್ಕರು. ನೀರು ಇಳಿದ ಮೇಲೆ ನಮ್ಮಷ್ಟೇ ಕೆಸರನ್ನು ಅವಳೂ ಎತ್ತಿ ಹಾಕಿದಳು.

ನನ್ನ ಮಗಳು ಕಾಲೇಜಿನಲ್ಲಿದ್ದಾಗ, ಹೊರಗಿನಿಂದ ಬಂದು ನೆಲೆಸಿದವರು ಇಲ್ಲಿ ಎಷ್ಟು ಸಂತೃಪ್ತರಾಗಿದ್ದಾರೆ ಎಂದು ಕೇಳಿಕೊಂಡು ಬರುವ ಕೆಲಸ ಕೊಟ್ಟಿದ್ದರು. ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎನ್ನುವುದು ಪ್ರಶ್ನೆ. ನಮ್ಮ ಮಗಳು ದೂರ ಹೋಗುವ ಕಷ್ಟ ತೆಗೆದುಕೊಳ್ಳದೆ ಹಿತ್ತಲಿಗೆ ಹೋದಳು. ದಾಜಿ ಎದ್ದು ನಿಂತು, ಯೋಚನೆ ಮಾಡದೆ, ಹತ್ತಕ್ಕೆ ಹತ್ತು ಎಂದರು. ಅಕ್ಕ ಮೊದಲು ಆರು ಎಂದಳು. ಆಮೇಲೆ ಬಿಸಿಲಿಗೆ ಒಂದು ಕಳೆದಳು, ನಳದ ನೀರಿಗೆ ಇನ್ನೊಂದು ಕಳೆದಳು.

"ನಾಲ್ಕ ಉಳೀತು ಅತ್ಯಾ!" ಎಂದಳು ಮಗಳು. "ನೇಪಾಳಕ್ಕ ಎಷ್ಟು?"

"ಅದಕ್ಕ ಎಂಟು."

"ಮತ್ತ ಎಂಟು ಬಿಟ್ಟು ನಾಲ್ಕರಾಗ ಯಾಕ ಇದ್ದಿ?"

"ನಾಲ್ಕ ಕೊಟ್ಟ ಮನಿಯಾಗ ಇರಬಾರದಂತ ಯಾರ ಹೇಳ್ಯಾರ? ನಿಮ್ಮಪ್ಪಗ ನಿಮ್ಮವ್ವ ಎಷ್ಟು ಕೊಡ್ತಾಳ ಕೇಳು ಹೋಗು."

ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿಯ ದನಿ ಬಂತು: "ಮೂರು!"

ಆ ಹತ್ತು ಮತ್ತು ಆ ನಾಲ್ಕರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ನಡುವೆ ಅಪ್ಪ ಹೋದರು, ಕೆಲವು ವರ್ಷದ ಹಿಂದೆ ಅವ್ವನೂ ಹೋದಳು. ಅವ್ವನ ಮಣ್ಣಿಗೆ ಬಂದಿದ್ದ ದೂರದ ನೆಂಟರೊಬ್ಬರು, ತಲೆಯ ಬಳಿ ಕೂತು ಅಳುತ್ತಿದ್ದ ಅಕ್ಕನನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ನನ್ನ ಹೆಂಡತಿ, "ಮಗಳು" ಎಂದಳು. ಆ ವರ್ಷದ ಪಂಚಮಿಗೆ ನಾನು ಕರೆಯಲು ಹೋದಾಗ ಅಕ್ಕ ಚೀಲವಿಲ್ಲದೆ ಕೂತಿದ್ದಳು. ನಾನು ಹಾರ್ನ್ ಹೊಡೆದೇ ಹೊಡೆದೆ. ಮುಂಬಾಗಿಲಿನಲ್ಲಿ ನನ್ನ ಹೆಂಡತಿ ರೊಟ್ಟಿ ತುಣುಕು, ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ದಾರಿಯಲ್ಲಿ ತ್ರಾಸ ಆಯಿತೇ ಎಂದೂ ಕೇಳಿದಳು. ಅಕ್ಕನಿಗೆ ಸೀಟಿನ ಮಾತು ಹೇಳಲಾಗಲಿಲ್ಲ, ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಹೋದ ವರ್ಷ ದಸರೆ ಮುಗಿದ ಕೆಲವು ದಿನಕ್ಕೆ, ಯಾವ ಹಬ್ಬವೂ ಇಲ್ಲದ ಒಂದು ಮಧ್ಯಾಹ್ನ, ಅಕ್ಕ ಚೀಲ ಹಿಡಿದು ನಮ್ಮ ಮುಂಬಾಗಿಲಿಗೆ ಬಂದಳು. ಹಿತ್ತಲ ಬಾಗಿಲು ತೆರೆದೇ ಇತ್ತು. ಆದರೂ ಬಿಸಿಲಿನಲ್ಲಿ ರಸ್ತೆ ಸುತ್ತಿ ಬಂದಿದ್ದಳು. ಹೊಸ್ತಿಲ ಹೊರಗೇ ನಿಂತು, "ವೈನೀ, ನಾ ಬರಲಿ?" ಎಂದು ನನ್ನ ಹೆಂಡತಿಯನ್ನು ಕೇಳಿದಳು.

ಇಷ್ಟು ವರ್ಷ ಆಡಿದ್ದು ಆಟವೋ ನಿಜವೋ ಎಂದು ಅವಳು ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯಿತು. ನನ್ನ ಹೆಂಡತಿ ಒಳಗೆ ಹೋಗಿ ತಂಬಿಗೆ ತಂದು ಕಾಲಿಗೆ ನೀರು ಹಾಕಿದಳು. ಈ ಮನೆಗೆ ಅಂಥ ಸೊಸೆ ಬಂದದ್ದಕ್ಕೆ ನಾನು ಅಂದು ದೇವರಿಗೆ ಕೈಮುಗಿದೆ. ಮೂರು ಅಂಕವನ್ನು ಕ್ಷಮಿಸಿದೆ.

ವಿಷಯ ಇಷ್ಟು. ಅರಿಶಿನ ಈಗ ಶೀತಲಗೃಹಗಳಿಗೆ ಹೋಗುತ್ತದೆ, ನಮ್ಮ ಗೋದಾಮು ಅರ್ಧ ಖಾಲಿ. ದಾಜಿ ಊರಿಗೆ ಮರಳೋಣ ಎಂದಿದ್ದರು. ಅಲ್ಲಿ ಮನೆ ಕಟ್ಟಿಸಿದ್ದಾರೆ. ಅಕ್ಕ ಒಲ್ಲೆ ಎಂದಿದ್ದಳು. ಹತ್ತಕ್ಕೆ ಹತ್ತು ಕೊಟ್ಟವರು ಹೊರಟಿದ್ದರು, ನಾಲ್ಕು ಕೊಟ್ಟವಳು ಕದಲಲು ತಯಾರಿರಲಿಲ್ಲ.

ಎರಡು ದಿನ ಕಳೆದು ದಾಜಿ ಬಂದರು, ಮುಂಬಾಗಿಲಿನಿಂದಲೇ. ಅವ್ವ ಹಾಕುತ್ತಿದ್ದ ಮಣೆಯನ್ನೇ ಹಾಕಿದೆ. ಊಟ ಬಡಿಸಿದೆವು. ಆಮೇಲೆ ಮರಾಠಿಯಲ್ಲಿ, ನೆಲ ನೋಡುತ್ತಾ ಹೇಳಿದರು: ಇಲ್ಲಿ ನನಗೆ ಯಾರೂ ಏನೂ ಕಡಿಮೆ ಮಾಡಿಲ್ಲ. ಆದರೆ ಹರೆಯದಿಂದ ಇಲ್ಲಿಯವರೆಗೂ ಇನ್ನೊಬ್ಬರ ಬಾಗಿಲು ಕಾದಿದ್ದೇನೆ. ಒಂದಷ್ಟು ದಿನ ನನ್ನ ಬಾಗಿಲಲ್ಲಿ, ಏನನ್ನೂ ಕಾಯದೆ, ಸುಮ್ಮನೆ ಕೂರಬೇಕು ಅನಿಸುತ್ತದೆ. ಅಷ್ಟು ಉದ್ದ ಮಾತನ್ನು ನಾನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಬಾಗಿಲ ಮರೆಯಲ್ಲಿ ನಿಂತ ಅಕ್ಕನೂ ಕೇಳಿಸಿಕೊಂಡಳು.

ಸಂಜೆ ಅವಳು ನನ್ನ ಹತ್ತಿರ ಬಂದು ಕೂತಳು. "ನನ್ನ ಸಲುವಾಗಿ ಇಷ್ಟು ವರ್ಷ ಇಲ್ಲೆ ಇದ್ರು ತಮ್ಮಾ. ಒಮ್ಮೆಯೂ ಹೆಸರಿಡಲಿಲ್ಲ. ನನಗ ಗೊತ್ತಾಗಬೇಕಾಗಿತ್ತು ನೋಡು. ಇನ್ನ ನಾ ಅವರ ಸಲುವಾಗಿ ಹೋಗಬೇಕು." ಆಮೇಲೆ, "ಹೋದ ಮ್ಯಾಲೆ ನನ್ನ ತವರು ಹೋಗ್ತೈತೇನು?" ಎಂದು ಕೇಳಿದಳು.

"ಪಂಚಮಿಗೆ ಬರ್ತೇನಿ ಅಕ್ಕಾ, ಕರಿಯಾಕ" ಎಂದೆ. ಅವ್ವ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅದೇ ಬಾಯಿಗೆ ಬಂತು.

ದೀಪಾವಳಿಯಾದ ಮೇಲೆ ಮಿರಜ್ ಸ್ಟೇಷನ್ನಿನಲ್ಲಿ ಅವರಿಬ್ಬರನ್ನು ದಿಲ್ಲಿಯ ರೈಲಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಬರ್ತ್ ಎತ್ತರ, ಫ್ಯಾನಿಗೆ ಶಬ್ದ, ಮಿರಜಿನ ಚಹಾ ನೀರು ಎಂದು ರೈಲು ಕದಲುವವರೆಗೂ ಬೈಯುತ್ತಲೇ ಇದ್ದಳು. ಕದಲಿದ ಮೇಲೆ ಸೆರಗು ಬಾಯಿಗೆ ಹಿಡಿದಳು.

ಆಮೇಲೆ ಫೋನಿನಲ್ಲಿ ಮುಖ ಕಾಣುತ್ತಿತ್ತು. ಹೇಗಿದ್ದೀ ಎಂದರೆ, "ಛಲೋ ಐತಿ" ಎಂದಳು. ಹವಾ ಛಲೋ, ನೀರು ಛಲೋ, ಮಂದಿ ಛಲೋ. ಮುಂದಿನ ವಾರವೂ ಅದೇ. ಚಳಿಗಾಲ ಕಳೆಯಿತು, ಯುಗಾದಿ ಕಳೆಯಿತು, ಅವಳ ಬಾಯಿಂದ ಒಂದೂ ತಕರಾರು ಬರಲಿಲ್ಲ. ಅಲ್ಲಿಯ ಮಂದಿ ಅವಳನ್ನು ಸಾಂಗ್ಲಿಯವಳು ಎನ್ನುತ್ತಾರಂತೆ. ಅದನ್ನೂ ಛಲೋ ಎಂದೇ ಹೇಳಿದಳು. ಫೋನ್ ಇಟ್ಟ ಮೇಲೆ ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಹುಟ್ಟಿದ ದೇಶದಲ್ಲಿ ನಮ್ಮ ಅಕ್ಕ ಪಾವಣ್ಯಾರಾಕಿಯಾಗಿ ಕೂತಿದ್ದಳು.

ಆಷಾಢದಲ್ಲಿ ನಾನು ಪಂಚಮಿಯ ಮಾತು ತೆಗೆದೆ. "ಬ್ಯಾಡ ತಮ್ಮಾ, ಭಾಳ ದೂರ. ನಿನಗೂ ವಯಸ್ಸಾತು. ನಾ ಇಲ್ಲೆ ಛಲೋ ಅದೇನಿ" ಎಂದಳು. ನನ್ನ ಮೊಣಕಾಲು, ಅಂಗಡಿ, ಮಳೆ ಎಲ್ಲ ಸೇರಿ ಅವಳ ಮಾತಿಗೆ ಹೂಂ ಅನ್ನು ಎಂದವು. ಎರಡು ದಿನ ನಾನೂ ಸುಮ್ಮನಿದ್ದೆ. ಮೂರನೆಯ ದಿನ ನನ್ನ ಹೆಂಡತಿ ಇಸ್ತ್ರಿ ಮಾಡಿದ ಅಂಗಿಗಳನ್ನು ತಂದು ಎದುರಿಗಿಟ್ಟು, ಉಂಡಿ ಕಟ್ಟಲು ಶೇಂಗಾ ಹುರಿಯತೊಡಗಿದಳು. ನಾನು ಟಿಕೆಟ್ ತೆಗೆಸಿದೆ. ನಾನು ರೈಲು ಹತ್ತಿದ ಮೇಲೆ ಅವಳು ಅಕ್ಕನಿಗೆ ಫೋನ್ ಮಾಡಿದಳಂತೆ. ಅಷ್ಟು ದೂರ ಯಾಕೆ ಕಳಿಸಿದಿರಿ ಎಂದು ಅಕ್ಕ ಬೇಜಾರು ಮಾಡಿಕೊಂಡಳಂತೆ. ಆಮೇಲೆ ಮೆಲ್ಲಗೆ, "ಎಂದ ಮುಟ್ತಾನ?" ಎಂದು ಕೇಳಿದಳಂತೆ.

ದಿಲ್ಲಿಯಿಂದ ಬಸ್ಸು, ಗಡಿ ದಾಟಿ ಮತ್ತೆ ಬಸ್ಸು. ಗುಡ್ಡ ಕುಸಿದು ದಾರಿ ಕಟ್ಟಿತ್ತು. ಒಂದೂವರೆ ದಿನ ಒಂದು ಚಹಾ ಟಪರಿಯಲ್ಲಿ ಕೂತೆ. ಉಂಡಿ ಡಬ್ಬಿ ತೊಡೆಯ ಮೇಲೆ ಇತ್ತು. ಸಾಂಗ್ಲಿಯಲ್ಲಿ ಸುಳ್ಳು ಸುಳ್ಳೇ ಸುತ್ತು ಹಾಕುತ್ತಿದ್ದವನಿಗೆ ಈಗ ನಿಜವಾದ ದಾರಿ ಸಿಕ್ಕಿತಲ್ಲ ಎಂದು ನನ್ನಷ್ಟಕ್ಕೆ ನಗು ಬರುತ್ತಿತ್ತು. ಪಂಚಮಿಯ ದಿನವೇ ಮಧ್ಯಾಹ್ನ ಆ ಹಳ್ಳಿ ಮುಟ್ಟಿದೆ. ಬಾಗಿಲಿಗೆ ನಾಗರ ಚಿತ್ರ ಅಂಟಿಸಿದ್ದರು. ದಾಜಿ ತಮ್ಮ ಮನೆಯ ಕಟ್ಟೆಯ ಮೇಲೆ, ಕಾಲು ಚಾಚಿ, ಏನನ್ನೂ ಕಾಯದೆ ಕೂತಿದ್ದರು. ಅಷ್ಟು ಹಗುರಾದ ಮುಖವನ್ನು ಅವರಲ್ಲಿ ನಾನು ಕಂಡಿರಲಿಲ್ಲ. ಒಳಗಿನಿಂದ ಅಕ್ಕ ಬಂದಳು. ಹೆರಳು ಹಾಕಿದ್ದಳು, ಹೊಸ ಸೀರೆ, ಕೈಯಲ್ಲಿ ಚೀಲ. ಈ ಸಲ ಕೈ ಗಲ್ಲಕ್ಕೆ ಹೋಗಲಿಲ್ಲ, ಸೊಂಟಕ್ಕೆ ಹೋಯಿತು.

"ಈಗ ಬಂದೇನು? ಪಂಚಮಿ ಇವತ್ತ! ಹೆಣ್ಣಮಗಳು ಪಂಚಮಿ ದಿವಸ ತವರಾಗ ಇರಬೇಕೋ ಇಲ್ಲೆ ಇರಬೇಕೋ? ನಿನ್ನಿಯಿಂದ ಚೀಲಾ ಕಟ್ಟಿ ಕುಂತೇನಿ. ಈ ಊರಿನ ಥಂಡಿಗೆ ನನ್ನ ಮಣಕಾಲ ಹಿಡದಾವು. ಒಂದ ಬೆಂಕಿಪೆಟ್ಟಿಗಿ ಬೇಕಂದ್ರ ಗುಡ್ಡಾ ಇಳೀಬೇಕು. ಇಲ್ಲಿ ಮಂದಿ ಚಹಾದಾಗ ಉಪ್ಪ ಹಾಕಿದಂಗ ಮಾತಾಡ್ತಾರ. ಇವರನ್ನ ನೋಡು, ಕಟ್ಟಿ ಬಿಟ್ಟು ಏಳೂದಿಲ್ಲ!"

ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿದವು. ಮನೆ ಮುಟ್ಟಿದೆ ಎನಿಸಿತು. ಅವಳೂ ಆ ಗುಡ್ಡದಲ್ಲಿ ಕೊನೆಗೆ ಮನೆ ಮುಟ್ಟಿದ್ದಳು. ದೂರು ಹೇಳಿಕೊಳ್ಳಲು ತವರಿನಿಂದ ಒಬ್ಬರು ಬರುವುದಷ್ಟೇ ಬಾಕಿ ಇತ್ತು. ಅವ್ವನಿದ್ದಿದ್ದರೆ ಬೆಲ್ಲ ಕೊಡುತ್ತಿದ್ದಳು. ನಾನು ಡಬ್ಬಿ ಬಿಚ್ಚಿ ಒಂದು ಉಂಡಿ ಅವಳ ಕೈಗಿಟ್ಟೆ. ಕಚ್ಚಿ ನೋಡಿ, ವೈನಿ ಬೆಲ್ಲ ಕಡಿಮೆ ಮಾಡಿದ್ದಾಳೆ ಎಂದಳು. ಆಮೇಲೆ ನನ್ನ ಹಿಂದೆ, ಮುಂದೆ, ದಾರಿಯ ಕಡೆ ನೋಡಿದಳು.

"ಸ್ಕೂಟರ್ ಎಲ್ಲಿ?"

"ಮಿರಜ್ ಸ್ಟೇಷನ್ದಾಗ ನಿಲ್ಲಿಸಿ ಬಂದೇನಿ."

"ಮತ್ತ ಸ್ಟೇಷನ್ನಿಂದ ಸೀದಾ ಮನಿಗೆ ಒಯ್ದಿ ಅಂದ್ರ ನೋಡು" ಎಂದು ಅಕ್ಕ ಚೀಲವನ್ನು ನನ್ನ ಕೈಗೆ ಕೊಟ್ಟಳು. "ಹೊಳಿ ಮ್ಯಾಲೆ ಹಾಯ್ದು ಹೋಗೂಣು."